ಹೆಸರು ಕೇಳಲು ಬಂದವನು

ಏಳು ತುಂಬಿದಾಗ ಮೂರು ರಾತ್ರಿ ಸಾಲಾಗಿ
ಕನಸಿಗೆ ಬಂದ, ನನ್ನ ಗಂಡನ ಅಜ್ಜ.
ಪಟದಲ್ಲಿ ಬಿಟ್ಟರೆ ನಾನವನ ಕಂಡವಳಲ್ಲ.
ನೆನೆದ ಉಣ್ಣೆಯಂಗಿ, ಗಡ್ಡದ ತುಂಬ ಉಪ್ಪು,
ಬಾಗಿಲಲ್ಲೇ ಬೂಟು ಕಳಚಿಟ್ಟು
ಮಂಚದ ತುದಿಗೆ ಕೂತ.
ಮಾತಿಲ್ಲ. ತೊಟ್ಟಿಕ್ಕುತ್ತಿದ್ದ, ಅಷ್ಟೇ.

"ಹೆಸರು ಕೇಳಲು ಬಂದಿದ್ದಾನೆ" ಅಂದರು ಅತ್ತೆ ರಾನ್ವೇಗ್,
ಮೀನಿನ ತಲೆಗಳನ್ನು ಒಣಗಲು ಪೋಣಿಸುತ್ತ, ಕತ್ತೆತ್ತದೆ.
"ನಮ್ಮ ಫ್ಯೋರ್ಡಿನಲ್ಲಿ ಸತ್ತವರು ಹಾಗೆಯೇ,
ಬೇರೇನೂ ಬೇಡುವುದಿಲ್ಲ."

ಕೆಟಿಲ್.
ಕೆಟಿಲ್ ಅಂದರೆ ಕೊಪ್ಪರಿಗೆ, ಹಂಡೆ. ಈಗ ಒಲೆಯ ಮೇಲೆ
ಕಾಫಿಗೆಂದು ಸಿಳ್ಳೆ ಹಾಕುತ್ತಿದೆಯಲ್ಲ, ಅದೂ.
ನಾನು ರೇಕ್ಯಾವಿಕ್‌ನವಳು, ಕನಸಿಗೆ ಹೆದರುವವಳಲ್ಲ.
ಬ್ಯಾರ್ಕಿ ಎಂದು ಗೊತ್ತು ಮಾಡಿಟ್ಟಿದ್ದೆ, ಮರಿಕರಡಿ.
ಹಂಡೆಯೆಂದು ಹೇಗೆ ಕರೆಯಲಿ ಮಗುವನ್ನು?
ಶಾಲೆಯಲ್ಲಿ ಬಿಟ್ಟಾರೆಯೇ,
"ಏನೋ, ನೀರು ಕಾಯಿತೇನೋ?"

ಪಕ್ಕದ ಮನೆಯ ಮೇಷ್ಟ್ರು ಸೋರ್ಲಿ ನಕ್ಕರು.
ಕೊಪ್ಪರಿಗೆ ಇದ್ದ ಮನೆ ಚಳಿಗಾಲ ದಾಟುವ ಮನೆ, ತಿಳಿಯಿತೆ?
ಬೋರಲು ಹಾಕಿದರೆ ತಲೆ ಕಾಯುವ ಟೊಪ್ಪಿಗೆ ಅನ್ನುವವರಿದ್ದಾರೆ,
ಬಲಿಯ ನೆತ್ತರು ಹಿಡಿದ ಪಾತ್ರೆ ಅನ್ನುವವರೂ.
ಗುಡುಗಿನ ದೇವರಿಗೆ ಅಂಟಿ ಥೋರ್ಕೆಲ್,
ಕಲ್ಲಿಗೆ ಅಂಟಿ ಸ್ಟೈನ್‌ಕೆಲ್.
ಉಜ್ಜಿ ಉಜ್ಜಿ ತಳ ಸವೆದ ಹಾಗೆ
ಕೆಟಿಲ್ ಹೋಗಿ ಬರೀ ಕೆಲ್ ಉಳಿದಿದೆ.
ಸಾವಿರ ವರ್ಷ ಬಾಯೆಂಬ ಒಲೆಯ ಮೇಲಿಟ್ಟರೆ
ಇನ್ನೇನಾದೀತು?

ಆಮೇಲೆ, ಪೋಣಿಸಿದ ದಾರ ಹಲ್ಲಲ್ಲಿ ಕಡಿದು
ಅತ್ತೆ ಹೇಳಿದ್ದು ಇಷ್ಟು:
ದೋಣಿ ಸಿಕ್ಕಿತು, ಅವನು ಸಿಗಲಿಲ್ಲ.
ಹೂಳಲು ಏನೂ ಇಲ್ಲ, ಕಲ್ಲೂ ಇಲ್ಲ.
ಮನೆತನದ ಹೆಸರೆಂಬುದು ನಮ್ಮಲ್ಲಿಲ್ಲವಲ್ಲ;
ಅಪ್ಪನ ಹೆಸರು ಮಗನ ಬೆನ್ನಿಗೆ ಒಂದು ತಲೆಮಾರು,
ಅಲ್ಲಿಗೆ ಮುಗಿಯಿತು.
ಓರ್ಮ್ ಕೆಟಿಲ್ಸ್‌ಸನ್, ನನ್ನ ಗಂಡ, ಹೋದ ಮೇಲೆ
ಅವನ ಹೆಸರು ಹೇಳುವವರು ಯಾರಿದ್ದಾರೆ?
ತಣ್ಣಗಾಗಿದೆ.

ನಾನು ಉತ್ತರ ಕೊಡಲಿಲ್ಲ.
ಕೆಟಲಿನ ಮುಚ್ಚಳದ ಮೇಲೆ ಕೈಯಿಟ್ಟೆ, ಸುಟ್ಟಿತು.

ಫೆಬ್ರವರಿಯಲ್ಲಿ, ರಸ್ತೆ ಮುಚ್ಚಿದ್ದ ವಾರ,
ಹುಟ್ಟಿದ್ದು ಹೆಣ್ಣು.
ಅತ್ತೆ ಕಿಟಕಿಯ ಕಡೆ ತಿರುಗಿದರು,
ಕಡಲಿಗೆ ಏನು ಸಮಾಧಾನ ಹೇಳಲಿ ಎಂಬಂತೆ.

ನಾನೇ ಅಂದೆ, ಕಟ್ಲಾ.
ಅದೇ ಕೊಪ್ಪರಿಗೆ, ಹೆಣ್ಣಾಗಿ.
ದಕ್ಷಿಣದಲ್ಲಿ ಹಿಮದ ಹಾಸಿನಡಿ ಮಲಗಿ
ಒಳಗೊಳಗೇ ಕುದಿಯುವ ಬೆಟ್ಟಕ್ಕೂ ಅದೇ ಹೆಸರು.
ಇನ್ನು ಯಾರಾದರೂ ಕೇಳಲಿ, ನೀರು ಕಾಯಿತೇ ಎಂದು.

ಆ ರಾತ್ರಿ ಅವನು ಬಂದನೋ, ಅಂಗಿ ಒಣಗಿತ್ತೋ,
ಹೇಳಲಾರೆ. ನಿದ್ದೆಯಿದ್ದರಲ್ಲವೇ ಕನಸು?
ಬೆಳಗಾಗುವವರೆಗೂ ಅವಳು
ಮುಚ್ಚಳ ಹಾರುವ ಹಾಗೆ ಅಳುತ್ತಿದ್ದಳು.