ಬರೆಯದೆ ಬಿಟ್ಟ ಮಾತು

ಏಳು ವಾರದಲ್ಲಿ ನಾಲ್ಕು ಜೊತೆ ಚಪ್ಪಲಿ, ಒಂದು ಪರದೆ,
ಪಾದ್ರಿ ಎಮ್ರಿಸರ ಟೋಪಿ.
ಅದನ್ನವರು ಇನ್ನೂ ಕೇಳುತ್ತಿದ್ದಾರೆ.
ಕುರಿ ಕಾಯಲೆಂದು ಹುಟ್ಟಿದ್ದು,
ಕುರಿಯವನಿಗೇ ಬೇಡವಾಗಿ
ಬ್ಲೈನಾ ಪೇಟೆಯ ಬಸ್ಸುಗಳನ್ನೆಲ್ಲ ಮಂದೆ ಕೂಡಿಸಲು ಹೊರಟಿತು.
ಮೂವತ್ತು ವರ್ಷ ಆ ಬಸ್ಸು ಓಡಿಸಿದವಳು ನಾನು.
ಬೈಯಬೇಕಿತ್ತು. ಬಾಗಿಲಲ್ಲಿ ನಿಂತು ನಕ್ಕೆ.

ರಾತ್ರಿ ಮಾತ್ರ, ಸ್ಲೇಟಿನ ಮಾಡಿಗೆ ಗಾಳಿ ಉಗುರೆಳೆದಾಗ,
ಒದ್ದೆ ಮೂಗು ನನ್ನ ಮೊಣಕಾಲ ಹಿಂದೆ.

ಇಂದು ಲಿವರ್‌ಪೂಲಿನವರು ಬಂದರು. ಒಳ್ಳೆಯವರೇ.
ಹಿತ್ತಲಿದೆಯಂತೆ. ಮಂಡಿ ತುಂಬ ಗಾಯದ ಹುಡುಗ, ಡೆಕ್ಲನ್.
ನಾಯಿಗೆ ಇಂಗ್ಲಿಷು ಬಾರದು.
ಹಾಲಿನ ಬಿಲ್ಲಿನ ಬೆನ್ನಿಗೆ ನಮ್ಮ ವೆಲ್ಷ್ ಮಾತು ಬರೆದುಕೊಟ್ಟೆ:
ಕೂರು, ಬಿಡು, ಬಸ್ಸು ಬೇಡ, ಶಾಭಾಸ್.
‘ಬಾ’ ಅನ್ನುವುದೊಂದನ್ನು ಬರೆಯಲಿಲ್ಲ.

ಕಾರು ತಿರುವು ಹಿಡಿಯಿತು.
ಹಿಂಬದಿಯ ಗಾಜಿನಲ್ಲಿ ಎರಡು ಕಿವಿ.
ಥೂ, ಎಂಥ ಜಿಪುಣಿ ನಾನು!
ಕಾರಿನ ಹಿಂದೆ ಓಡಿದೆ, ಬರಿಗಾಲಲ್ಲಿ,
ಚಪ್ಪಲಿ ಎಲ್ಲಿದೆ ಈ ಮನೆಯಲ್ಲಿ?

ನಿಲ್ಲಿಸಿದರು. ಗಾಜು ಇಳಿಯಿತು.
ಹುಡುಗನಿಗೆ ಹೇಳಿದೆ: “ಟೀಡ್.”
ಅವನು ತಪ್ಪಾಗಿ ಅಂದ. ಮತ್ತೆ ಅಂದ.
ಮೂರನೆಯ ಸಲಕ್ಕೆ ನಾಯಿ
ನನ್ನನ್ನು ನೋಡುವುದು ಬಿಟ್ಟು
ಅವನತ್ತ ತಿರುಗಿತು.