ಥರ್ಸೊದಲ್ಲಿ ರಳ

ಕರಗಿದ ಸೋಡಿಯಂ ನೋಡಲು ಬಲು ಚೆಲುವು,
ವಿಭೂತಿ ಹಚ್ಚಿ ತಿಕ್ಕಿದ ಬೆಳ್ಳಿ ಬಟ್ಟಲು.
ಅಷ್ಟೇ. ಅದರೊಳಕ್ಕೆ ನೋಟ ಇಳಿಯುವುದಿಲ್ಲ.
ದೀಪ ಹಿಡಿದರೆ ದೀಪವನ್ನೇ ತೋರಿಸುತ್ತದೆ,
ಗಾಜಿನ ಕಿಂಡಿಯಲ್ಲಿ ಇಣುಕಿದರೆ
ಇಣುಕಿದವಳ ಮುಖವನ್ನೇ.
ಇನ್ನೂರೈವತ್ತು ಡಿಗ್ರಿ.
ಗಾಳಿ ತಾಕಿದರೆ ಹೊತ್ತಿಕೊಳ್ಳುತ್ತದೆ,
ನೀರು ತಾಕಿದರೆ ಸಿಡಿಯುತ್ತದೆ,
ಅದೂ ವರ್ಷವಿಡೀ ಮಳೆ ಅಡ್ಡಡ್ಡ ಹೊಡೆಯುವ
ಸ್ಕಾಟ್ಲೆಂಡಿನ ಈ ತುದಿಯಲ್ಲಿ.

ಇದರ ತಳಕ್ಕೆ ಬಿದ್ದದ್ದನ್ನು ಕಾಣುವುದು ಹೇಗೆ?
ಕನ್ನಡದಲ್ಲಿ ಎರಡೇ ಮಾತು:
ಕೇಳಿ ನೋಡು.

(ಬಾವಲಿಯ ಹೋಲಿಕೆ ಬೇಡ.
ಬಾವಲಿಯನ್ನು ಯಾರೂ ಕುದಿವ ಬಾಣಲೆಗೆ ಇಳಿಸುವುದಿಲ್ಲ.)

ಡಂಡಿಯ ಆಸ್ಪತ್ರೆಯಲ್ಲಿ ಆರು ವರ್ಷ
ಸ್ಕ್ಯಾನಿಂಗ್ ಯಂತ್ರ ರಿಪೇರಿ ಮಾಡಿದವಳು ನಾನು.
ತಣ್ಣನೆಯ ಜೆಲ್, ಬೆಚ್ಚನೆಯ ಹೊಟ್ಟೆ,
ಪರದೆಯ ಬೂದು ಮಂಜಲ್ಲಿ ಹುರುಳಿಕಾಳಿನಷ್ಟು ಮಿಡಿತ,
ಕರವಸ್ತ್ರ ಹುಡುಕುವ ಗಂಡಂದಿರು.
ಅದೇ ಹರಳನ್ನು ಇಲ್ಲಿಗೆ ತಂದರೆ
ಕಾವಿಗೆ ತನ್ನ ಕಸುಬನ್ನೇ ಮರೆತುಬಿಟ್ಟಿತು.
ಹರಳು ಬದಲಿಸಿದೆವು. ಅಂಟು ಸುಟ್ಟಿತು.
ಅಂಟು ಬಿಟ್ಟು ಬೆಸುಗೆ ಹಾಕಿದೆವು. ತಂತಿಯ ಹೊದಿಕೆ ಕರಗಿತು.
ಜೆಲ್ಲಿನ ಕೆಲಸವನ್ನು ಆ ಲೋಹವೇ ಮಾಡಬೇಕು,
ಅದಕ್ಕೋ ಬಿಗುಮಾನ:
ಕೆಸುವಿನೆಲೆ ಮೇಲಿನ ನೀರಿನ ಹಾಗೆ
ಉಕ್ಕನ್ನು ಮುಟ್ಟಿಯೂ ಮುಟ್ಟದು.
ನಡುವೆ ಕೂದಲೆಳೆ ಸಂದು ಉಳಿದರೂ
ಸದ್ದು ಅಲ್ಲೇ ಸತ್ತಂತೆ.
ಕೊನೆಗೆ ಮೂತಿಗೆ ಚಿನ್ನ ಲೇಪಿಸಿದೆವು.
ಚಿನ್ನ ಅಂದ ಮೇಲೆ ಸೋಡಿಯಮ್ಮೂ ಮನಸ್ಸು ಬದಲಾಯಿಸಿತು.

ಅಷ್ಟರಲ್ಲಿ ಹನ್ನೊಂದು ಮೂತಿ ಸತ್ತಿದ್ದವು.
ಮರ್ಡೊ ಸ್ವಾನ್ಸನ್ ಅವನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಾನೆ,
ಒಂದೊಂದಕ್ಕೂ ತಾರೀಖಿನ ಚೀಟಿ ಕಟ್ಟಿ.
ಲೇತ್ ಯಂತ್ರದ ಮುಂದೆ ಮೂವತ್ತು ವರ್ಷ,
ಎಡಗಿವಿ ಪೂರ್ತಿ ಹೋಗಿದೆ.
ಹನ್ನೆರಡನೆಯದಕ್ಕೆ ಗುರಿ ಬೇಕು ಅಂದ,
ಉಕ್ಕಿನ ಬಿಲ್ಲೆಯಲ್ಲಿ ಕೊರೆದು ಮುಳುಗಿಸಲು ಏನಾದರೂ.
ಎಲ್ ಬೇಡ, ಟೀ ಬೇಡ,
ನೆಟ್ಟಗಿನ ಗೆರೆ ಯಾರಿಗಾದರೂ ಕಾಣುತ್ತದೆ.

ನಾನು ಚೀಟಿಯ ಮೇಲೆ ಬರೆದುಕೊಟ್ಟೆ: ೞ.

‘ಇದೇನು, ಏಡಿಯೋ?’
ಅಕ್ಷರ, ಅಂದೆ.
‘ಹೇಗೆ ಅನ್ನುವುದು?’
ಗೊತ್ತಿಲ್ಲ, ಅಂದೆ.
ನಮ್ಮವರು ಒಂದು ಕಾಲಕ್ಕೆ ಮಳೆಯನ್ನು ಇದರಲ್ಲಿ ಬರೆಯುತ್ತಿದ್ದರು,
ಬಾಳೆಯನ್ನೂ, ಏಳನ್ನೂ.
ಆಮೇಲೆ ನಾಲಿಗೆ ಸೋಮಾರಿಯಾಯಿತು.
ಪಕ್ಕದ ತಮಿಳರ ಬಾಯಲ್ಲಿ ಇನ್ನೂ ಇದೆ ಅನ್ನುತ್ತಾರೆ;
ನಮ್ಮದೂ ಅದೇ ಆಗಿತ್ತೋ ಏನೋ, ಕೇಳಿದವರು ಉಳಿದಿಲ್ಲ.
ಅವನು ಬಲಗಿವಿ ತಿರುಗಿಸಿ ಕಾದ,
ಎಲ್ಲಿ, ಪ್ರಯತ್ನಿಸು.
ನನ್ನ ಬಾಯಿಂದ ಬಂದದ್ದು ಬರೀ ಳ.
ಅವನಿಗೂ ತಿಳಿಯಿತು, ಅದಲ್ಲವೆಂದು.

ಮಂಗಳವಾರ ಬಿಲ್ಲೆ ಇಳಿಸಿದೆವು.
ಹೊರಗೆ ಸಮುದ್ರ ತಗಡಿನ ಗೋಡೆಗೆ ಒದೆಯುತ್ತಿತ್ತು.
ಮೂತಿ ಒಂದೊಂದು ಮಿಲಿಮೀಟರ್ ಸರಿಯುತ್ತ
ಕತ್ತಲೆಯನ್ನು ತಟ್ಟಿ ತಟ್ಟಿ ಕೇಳಿತು,
ಕಲ್ಲಂಗಡಿ ಕೊಳ್ಳುವವಳು ಬೆರಳ ಗೆಣ್ಣಲ್ಲಿ ಕೇಳುವ ಹಾಗೆ.
ನಾಲ್ಕು ಗಂಟೆ ಹಿಡಿಯಿತು.
ಎರಡು ಬಟ್ಟಲು ಚಹಾ ಆರಿಹೋಯಿತು.
ಪರದೆಯಲ್ಲಿ ಮೊದಲು ಬರೀ ಇರುವೆ ಸಾಲು,
ಮತ್ತೆ ಒಂದು ಬಳುಕು,
ಬಳುಕಿಗೆ ಕೂಡಿಕೊಂಡ ಇನ್ನೊಂದು.

ಕೆಳಗಿನ ಸುಳಿಯೊಂದು ತುಂಡಾಗಿತ್ತು.
ಮೂತಿಯ ಒಂದು ಹರಳು ಆಗಲೇ ಸತ್ತಿರಬೇಕು.
ಆದರೂ ಅದೇ.
ಯಾವ ಬಾಯಿಗೂ ಬಾರದ ಸದ್ದಿನ ಗುರುತು,
ಯಾವ ಕಿವಿಗೂ ಕೇಳದ ಸದ್ದಿನಲ್ಲಿ ಮೂಡಿ
ಓರೆಯಾಗಿ ನಿಂತಿತ್ತು.

ಮರ್ಡೊ ಚೀಟಿಯನ್ನು ಪರದೆಯ ಪಕ್ಕ ಹಿಡಿದು
ತುಸು ಹೊತ್ತು ತಾಳೆ ನೋಡಿದ.
‘ಏಡಿ ಸಿಕ್ಕಿತು,’ ಅಂದ.
ಹನ್ನೆರಡನೆಯ ಚೀಟಿಗೆ ದಾರ ಹುಡುಕುತ್ತ ಎದ್ದು ಹೋದ.

ನಾನು ಬಾಗಿಲಿಗೆ ಬಂದು ನಿಂತೆ.
ಹೊರಗೆ ಮೞೆ.