ಮೌನಕ್ಕೆ ಎಷ್ಟು ಸೆಕೆಂಡು

ಗೋಣಿಕೊಪ್ಪದ ಆನೆ ಕಂಟ್ರೋಲ್ ರೂಮಿನಲ್ಲಿ
ಬೀರುವಿನ ಮೇಲೊಂದು ಕಪ್ಪು ಪೆಟ್ಟಿಗೆ.
ಅಗಲ ಒಂದು ಮೊಳ, ದಪ್ಪ ಎರಡು ಬೆರಳು.
ಹೊರಗಿನಿಂದ ಬರುವ ಪ್ರತಿ ಕರೆಯೂ
ಅದರ ಮುಂದೆ ನಿಂತು ಹೆಸರು ಹೇಳಬೇಕು,
ಪೆರುಂಬಾಡಿ ಚೆಕ್‌ಪೋಸ್ಟಿನಲ್ಲಿ ಲಾರಿ ನಿಂತ ಹಾಗೆ.
ಒಳಗಿನ ವಿಳಾಸ ಹೊರಗೆ ಬಿಟ್ಟುಕೊಡುವುದಿಲ್ಲ.
ಕಾಗದದಲ್ಲಿ ಅದು ಎಸ್‌ಬಿಸಿ.
ದೇಚಮ್ಮನ ಬಾಯಲ್ಲಿ ಬರೀ ಗೇಟು.

ನನ್ನನ್ನು ಕರೆಸಿದ್ದು ಒಂದು ದೂರಿಗೆ.
ಮಾಲ್ದಾರೆ ಕಡೆಯ ಕಾವಲುಗಾರ ಬೊಳಕ
ಫೋನ್ ಮಾಡುತ್ತಾನೆ, ಕರೆ ತುಂಡಾಗುತ್ತದೆ.
ಒಂದೇ ವಾರದಲ್ಲಿ ಮೂರು ಸಲ.
ಟವರ್ ಸರಿ ಇಲ್ಲ ಎಂದು ಬರೆದು
ಸಹಿ ಹಾಕಿ ಹೋಗಬಹುದಿತ್ತು.
ಬಸ್ಸಿಗೆ ಇನ್ನೂ ಹೊತ್ತಿತ್ತು.

ಲಾಗ್ ತೆರೆದೆ.
ಬರಬಹುದಾ? ತಾಳಿ, ನೋಡ್ತೇನೆ.
ಗಂಟೆ ಹೊಡೀತಿದೆ. ಹಾಂ, ಬನ್ನಿ.
ಯಂತ್ರಗಳೂ ನೆಂಟರ ಹಾಗೆ
ಹೊಸ್ತಿಲಲ್ಲಿ ಮರ್ಯಾದೆ ತಪ್ಪುವುದಿಲ್ಲ.
ಆಮೇಲೆ ಏನೂ ಇಲ್ಲ.
ಸರಿಯಾಗಿ ಮೂವತ್ತು ಸೆಕೆಂಡು ಏನೂ ಇಲ್ಲ.
ಕಡೆಗೆ ಪೆಟ್ಟಿಗೆಯೇ ಎದ್ದು ಹೇಳಿದೆ: ಬೈ.

"ಅವನು ಮಾತಾಡೋದಿಲ್ವಾ?"
ದೇಚಮ್ಮ ಹೆಡ್‌ಫೋನನ್ನು ಕೊರಳಿಗೆ ಇಳಿಸಿದಳು.
"ಹೇಗೆ ಮಾತಾಡ್ತಾನೆ? ಆನೆ ಹತ್ತು ಮಾರು ದೂರ.
ಫೋನ್ ಹಚ್ಚಿ ಸುಮ್ಮನೆ ನಿಲ್ತಾನೆ.
ನಾನು ಇಲ್ಲಿಂದ ಕೇಳಿಸ್ಕೊಳ್ತೇನೆ.
ಬಿದಿರು ಮುರಿದರೆ ಹೊಳೆ ಕಡೆ,
ಡ್ರಮ್ಮಿನ ನೀರು ಸೊರ್ರೆಂದರೆ ಲೈನ್‌ಮನೆ ಕಡೆ.
ಆ ಕಡೆಯವರಿಗೆ ಹೇಳ್ತೇನೆ,
ಹಣ್ಣು ಕೊಯ್ಯೋಕೆ ಈಗಲೇ ಇಳೀಬೇಡಿ ಅಂತ.
ಕೆಲವು ಸಲ ಆನೆಯೂ ನಿಂತುಬಿಡ್ತದೆ.
ಅದೂ ಕೇಳಿಸ್ಕೊಳ್ತದೆ."

"ಆಗ ಕರೆ ತುಂಡಾದರೆ?"
"ಮೊದಲ ಸಲ ನಾನೇ ತಿರುಗಿ ಮಾಡಿದೆ."
ಅಷ್ಟು ಹೇಳಿ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು.
ಅವನ ಕೈಯಲ್ಲಿ ರಿಂಗಾದ ಆ ಫೋನು
ತೋಟದ ಕಪ್ಪಿನಲ್ಲಿ ಈಗಲೂ ಇದೆಯಂತೆ, ಚಪ್ಪಟೆಯಾಗಿ.
ಬೊಳಕ ಸಿಲ್ವರ್ ಮರದ ಮೇಲೆ ಬೆಳಗು ಮಾಡಿದ.
ಈಗಿನ ಫೋನು ಅವನ ತಂಗಿಯದು.

ಸಿಗ್ನಲಿಂಗ್, ಗ್ಲೋಬಲ್ ಸೆಟ್ಟಿಂಗ್ಸ್.
ಜಾಗತಿಕ ಅಂದರೆ ನಗು ಬರುತ್ತದೆ.
ಈ ಪೆಟ್ಟಿಗೆಗೆ ಜಗತ್ತು ಅಂದರೆ ಮಾಲ್ದಾರೆ, ತಿತಿಮತಿ,
ಬಾಳೆಲೆ, ಕುಟ್ಟ, ಮುಗಿಯಿತು.
ಒಂದು ಅಂಕಿ ತಿದ್ದಿದರೆ ನಾಲ್ಕೂ ಕಡೆ ತಿದ್ದಿದಂತೆ.
ಸದ್ದಿಲ್ಲದ ಕರೆ ಸತ್ತ ಕರೆ, ಮೂವತ್ತು ಸೆಕೆಂಡು:
ಇದನ್ನು ಬರೆದವನು ಯಾವುದೋ ಆಫೀಸಿನವನು,
ಸುಮ್ಮನಾದವರು ಎದ್ದುಹೋದವರೇ ಎಂದು ತಿಳಿದವನು.
ತಪ್ಪೂ ಅಲ್ಲ ಅವನದು.
ಇರುವುದು ಹದಿನಾರು ಲೈನು.
ಮರೆತು ಜೇಬಿಗಿಟ್ಟ ಫೋನುಗಳೇ ಹದಿನಾರಾದರೆ
ಹದಿನೇಳನೆಯವನ ಕೂಗು ಗೇಟಿನ ಹೊರಗೆ.

ಟೀ ಆರಿತು. ಬಸ್ಸು ಹೋಯಿತು.
ಸದ್ದು ಎಣಿಸುವ ಗಡಿಯಾರವನ್ನು ಸೊನ್ನೆಗೆ ತಂದೆ.
ಅದರ ಬದಲು ತೊಂಬತ್ತು ಸೆಕೆಂಡಿಗೊಮ್ಮೆ
ಈ ತುದಿ ಆ ತುದಿಯನ್ನು ಕೇಳಲಿ,
ರಿಂಗಿಲ್ಲ, ಬೆಳಕಿಲ್ಲ, ನಡುಕವಿಲ್ಲ,
ತಂತಿಯೊಳಗೇ: ಇದ್ದೀಯಾ?
ಇದ್ದೇನೆ.
ಉತ್ತರ ಬಾರದಿದ್ದರೆ ಮಾತ್ರ ಲೈನು ಬಿಡು.

ಎಲ್ಲಕ್ಕೂ ಅನ್ವಯಿಸಲೇ ಎಂದು ಕೇಳಿತು.
ಒತ್ತಿದೆ.

ಐದೂಕಾಲಿಗೆ ಕರೆ ಬಂತು. ಮಾಲ್ದಾರೆ.
ದೇಚಮ್ಮ ಹಲೋ ಅನ್ನಲಿಲ್ಲ.
ನಾನು ಪರದೆಯಲ್ಲಿ ಎಣಿಸುತ್ತಿದ್ದೆ,
ಇಪ್ಪತ್ತೊಂಬತ್ತು, ಮೂವತ್ತು,
ಮೂವತ್ತೊಂದು ಎನ್ನುವಾಗ ಹೊಟ್ಟೆಯಲ್ಲಿ ಏನೋ ಸಡಿಲವಾಯಿತು.
ತೊಂಬತ್ತಕ್ಕೆ ಒಂದು ಸಾಲು ಮೂಡಿತು, ಅದರ ಕೆಳಗೆ ಇನ್ನೊಂದು.
ಇದ್ದಾನೆ.
ಒಂದು ಕಿವಿ ನನಗೂ ಕೊಟ್ಟಳು.
ಯಾರದೋ ಉಸಿರು, ಬಹಳ ದೊಡ್ಡದು,
ಅದರ ಪಕ್ಕದಲ್ಲಿ ಇನ್ನೊಂದು, ಹಿಡಿದದ್ದು.
ನಾಲ್ಕನೇ ನಿಮಿಷಕ್ಕೆ ನೀರಿನ ಸದ್ದು.
ದೇಚಮ್ಮನ ಎಡಗೈ ಆಗಲೇ
ಇನ್ನೊಂದು ಫೋನಿನ ಮೇಲಿತ್ತು.